ಒಂದು ಗುಡಿಸಿನ ತಪ್ಪು

ಜೇವರ್ಗಿಯಲ್ಲಿ ಈಗಷ್ಟೇ ಬೆಳಕು ಹರಿದಿದೆ. ರಸ್ತೆಬದಿಯ ತಗಡಿನ ಅಂಗಡಿಯಲ್ಲಿ ಬೆರಳಚ್ಚುಗಾರ್ತಿ ಭುವನೇಶ್ವರಿ ಆಗಲೇ ಒಂದು ಅರ್ಜಿ ಮುಗಿಸಿದ್ದಾರೆ. ಚೌಡಾಪುರದ ಮುದುಕಿ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ಕಾಯುತ್ತಿದ್ದಾಳೆ.

"ತಡೀರಿ ಆಯಿ, ಇನ್ನೊಮ್ಮೆ ಓದ್ತೇನಿ. ನೀವು ಹೇಳಿದ್ದೇ ಐತೇನು ನೋಡ್ರಿ."

ದಿನಕ್ಕೆ ಹದಿನೈದಿಪ್ಪತ್ತು ಅರ್ಜಿ. ಪ್ರತಿಯೊಂದನ್ನೂ ಎರಡು ಸಲ ಓದಿ ಹೇಳುತ್ತಾರೆ. ಕಾದವರು ಗೊಣಗಿದರೂ ಜಗ್ಗುವುದಿಲ್ಲ. ಈ ಹಟದ ಹಿಂದಿನ ಕಥೆ ಕೇಳಿ, ವರದಿಗೆಂದು ಬಂದ ನನಗಂತೂ ಸಂಕಟವಾಯಿತು.

ಆರು ವರ್ಷದ ಹಿಂದೆ ಅವರು ಒಂದು ನ್ಯಾಯಾಲಯದಲ್ಲಿ ಹಂಗಾಮಿ ಬೆರಳಚ್ಚುಗಾರ್ತಿ. ಕೊಲೆ ಪ್ರಕರಣ. ಹೆಣದ ಬಳಿ ಸಿಕ್ಕ ಕುಡಗೋಲು ನೋಡಿ ಕಮ್ಮಾರ ಅಕ್ರಮ್, "ಖೂನ ನಾನೇ ಮಾಡೀನಿ" ಅಂದನೆಂದು ನೆರೆಮನೆಯ ಪ್ಯಾರಿಬಿ ಸಾಕ್ಷಿ ನುಡಿದರು. ಈ ಸೀಮೆಯಲ್ಲಿ ಖೂನ ಎಂದರೆ ಗುರುತು. ತಾನು ಬಡಿದು ಮಾರುವ ಪ್ರತಿ ಕುಡಗೋಲಿಗೂ ಅಕ್ರಮ್ ಮೂರು ಗೀಟಿನ ಗುರುತು ಹಾಕುತ್ತಿದ್ದ. ಆದರೆ ಕಾಗದದಲ್ಲಿ ಮೂಡಿದ್ದು, "ಖೂನಿ ನಾನೇ ಮಾಡಿದ್ದೇನೆ." ಓದಲು ಬಾರದ ಪ್ಯಾರಿಬಿ ಹೆಬ್ಬೆಟ್ಟು ಒತ್ತಿದರು. ಅಕ್ರಮನಿಗೆ ಜೀವಾವಧಿ ಶಿಕ್ಷೆಯಾಯಿತು.

"ಹಳ್ಳಿ ಮಾತು ತಿದ್ದಿ ಬರೀಬೇಕಂತ ಟೈಪಿಂಗ್ ಕ್ಲಾಸಿನ್ಯಾಗ ಕಲ್ಸಿದ್ರು. ಕೊಲಿ ಕೇಸು, ಖೂನಿನೇ ಇರ್ಬೇಕಂತ ನ ಅಕ್ಷರಕ್ಕ ಗುಡಿಸು ಕೊಟ್ಟೆ. ಹೊರಗಿನವರಾಗಿದ್ರ ಬ್ಯಾರೆ ಮಾತು. ನಾ ಈ ಸೀಮಿಯಾಕೇ ಅಲ್ರೀ! ನಮ್ಮನಿ ಕುಡಗೋಲಿಗೂ ಅವನದೇ ಖೂನ ಐತಿ."

ಕಳೆದ ವರ್ಷ ಅಕ್ರಮನ ತಾಯಿ ಖಾಸೀಂಬಿ, ಮೇಲ್ಮನವಿಯ ಕಾಗದ ಹಿಡಿದು ಇದೇ ಅಂಗಡಿಗೆ ಬಂದರು. ಇದರಾಗ ಏನೈತಿ, ಓದಿ ಹೇಳು ಅಂದರು. ಆ ಸಾಲು ಬಂದಾಗ ಖಾಸೀಂಬಿ ಎದೆ ಬಡಿದುಕೊಂಡರು: "ಖೂನಿ ಅಲ್ಲ ಬೇ, ಖೂನ!"

ಭುವನೇಶ್ವರಿ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ತಪ್ಪು ತಮ್ಮದೆಂದು ಪ್ರಮಾಣಪತ್ರ ಬರೆದು ಸಹಿ ಮಾಡಿದರು. ಅದನ್ನು ಮುಂದಿಟ್ಟು ವಕೀಲರು, ಶಿಕ್ಷೆ ರದ್ದು ಮಾಡಿ ಮತ್ತೊಮ್ಮೆ ವಿಚಾರಣೆ ನಡೆಸಿರೆಂದು ಹೈಕೋರ್ಟನ್ನು ಕೇಳಿದ್ದಾರೆ. ಸೋಮವಾರ ಆದೇಶ ಬರಲಿದೆ.

"ನಿಮ್ಮ ಮೇಲೆಯೇ ಕೇಸಾದರೆ?"

"ಆಗ್ಲಿ ಬಿಡ್ರಿ. ಅವ ಆರು ವರ್ಷದಿಂದ ಒಳಗಾನ."

ಬೇಡವೆಂದರೆ ಹೆಸರು ಬಿಟ್ಟು ಬರೆಯುತ್ತೇನೆ ಅಂದೆ. ಅವರು ತಲೆ ಅಲ್ಲಾಡಿಸಿ, ನನ್ನ ಪೆನ್ನಿನತ್ತ ನೋಡುತ್ತಾರೆ.

"ಹೆಸರು ಬರೀರಿ. ಆದ್ರ ಖೂನ ಅಂತ ಬರಿಯೋ ಕಡಿ ಗುಡಿಸು ಕೊಡಬ್ಯಾಡ್ರಿ. ಬರದಿದ್ದು ನನಗೊಮ್ಮೆ ಓದಿ ಹೇಳ್ರಿ."