ಡಾಕ್ಟರ್ ಅಂಕಲ್ ನನ್ನ ಬೆಲ್ಟ್ ಹಿಡಿದ ದಿನ

ಡಾಕ್ಟರ್ ಅಂಕಲ್ ಅವರ ಎಡಗಿವಿ ಒಣ ಅಂಜೂರದ ಹಾಗೆ ಮುದುಡಿಕೊಂಡಿತ್ತು. ಮೈಸೂರಿನ ಗರಡಿಮನೆಯಲ್ಲಿ ಕುಸ್ತಿ ಮಾಡುತ್ತಿದ್ದಾಗ ಆದದ್ದು. ಆಮೇಲೆ ಮೂಳೆ ಡಾಕ್ಟರಾಗಿ ಅಮೆರಿಕಕ್ಕೆ ಬಂದವರು, ನಿವೃತ್ತರಾದ ಮೇಲೆ ಮಾರಿಸ್‌ವಿಲ್‌ನಲ್ಲಿ ನಮ್ಮ ಪಕ್ಕದ ಟೌನ್‌ಹೌಸಿನಲ್ಲಿದ್ದರು. ಯಾರ ಕೈ ಕುಲುಕಿದರೂ ಮಣಿಕಟ್ಟು ಒತ್ತಿ ನೋಡಿ, "ಇದನ್ನ ಯಾವಾಗ ಮುರ್ಕೊಂಡ್ರಿ?" ಎಂದು ಕೇಳುವುದು ಅವರ ಅಭ್ಯಾಸ. ನಾನು ಚಿಕ್ಕಂದಿನಲ್ಲಿ ಸೈಕಲ್ಲಿಂದ ಬಿದ್ದದ್ದನ್ನೂ ಹಾಗೇ ಕಂಡುಹಿಡಿದಿದ್ದರು.

ನನ್ನ ಮಗಳು ಜಪಾನಿ ಶೈಲಿಯ ಒಂದು ಕುಸ್ತಿ ಕಲಿತಳು. ಯಾರು ಗೆಲ್ಲಬೇಕೆಂದು ಮೊದಲೇ ಮಾತಾಗಿರುತ್ತದೆ. ಆದರೆ ಒದೆ ನಿಜ, ಕೈಕಾಲು ತಿರುಚುವ ಪಟ್ಟುಗಳೂ ನಿಜ. ತಡೆಯಲಾಗದಿದ್ದರೆ ರಿಂಗಿನ ಹಗ್ಗ ಮುಟ್ಟಬಹುದು; ಒಂದು ಪಾಯಿಂಟ್ ಹೋಗುತ್ತದೆ, ಎದುರಾಳಿ ಪಟ್ಟು ಬಿಡಬೇಕು.

ಅವಳ ಮೊದಲ ಪಂದ್ಯದಲ್ಲಿ ನಾನು ಗಾಬರಿಯಾಗಿ ರಿಂಗಿನೊಳಗೇ ನುಗ್ಗಿಬಿಟ್ಟಿದ್ದೆ. ಜನ ನಕ್ಕರು. ಮಗಳು ವಾರವಿಡೀ ಮಾತು ಬಿಟ್ಟಳು. ಆಮೇಲೆ ಇಷ್ಟೇ ಹೇಳಿದಳು:

"ಅಪ್ಪಾ, ಇನ್ನೊಂದ್ ಸಲ ಹಾಗೆ ಬಂದ್ರೆ ನನ್ನ ತೆಗೆದ್ಬಿಡ್ತಾರೆ. ಐ ಆಮ್ ಸೀರಿಯಸ್."

ಎರಡನೇ ಪಂದ್ಯಕ್ಕೆ ಅಂಕಲ್ಲೂ ಬಂದರು. ಎದುರಾಳಿ ಜಪಾನಿನಿಂದ ಬಂದಿದ್ದ ಹುಡುಗಿ, ಅವಳೂ ಹೊಸಬಳೇ. ಇಬ್ಬರೂ ಮುಂದೆ ಬರುವವರು ಎಂದು ಹಾಲ್‌ನಲ್ಲಿ ಮಾತಿತ್ತು. ಹತ್ತು ನಿಮಿಷ ಸಮಸಮ ಕಾದಾಡಿದರು. ಆಮೇಲೆ ಆ ಹುಡುಗಿ ನನ್ನ ಮಗಳ ತೋಳನ್ನು ತೊಡೆಗಳ ನಡುವೆ ಸಿಕ್ಕಿಸಿ ಹಿಂದಕ್ಕೆ ಎಳೆದಳು. ಹಗ್ಗ ಮೊಳದಷ್ಟು ದೂರದಲ್ಲಿತ್ತು. ಮಗಳು ಮುಟ್ಟಲಿಲ್ಲ. ನಾನು ಎದ್ದೆ. ಅಂಕಲ್ ಬೆಲ್ಟ್ ಹಿಡಿದು ಜಗ್ಗಿ ಕೂರಿಸಿದರು.

"ಕೈ ಮುರಿಯುತ್ತೆ ಅಂಕಲ್!"

"ಏನೂ ಮುರಿಯಲ್ಲ, ಕೂತ್ಕೊಳ್ರೀ. ಆ ಹುಡುಗಿ ಮಂಡಿ ನೋಡಿ, ನಡುವೆ ಗ್ಯಾಪ್ ಬಿಟ್ಟಿದ್ದಾಳೆ, ತೋಳಿಗೆ ಪೂರ್ತಿ ಬಿಗಿ ಬೀಳಲ್ಲ. ನಿಮ್ಮ ಮಗಳನ್ನ ನಿಮಗಿಂತ ಚೆನ್ನಾಗಿ ನೋಡ್ಕೋತಿದ್ದಾಳೆ."

ಮೂಳೆ ಡಾಕ್ಟರ ಮಾತು. ಕೂತೆ. ಅಷ್ಟರಲ್ಲಿ ಮಗಳು ಕಾಲು ಚಾಚಿ ಹಗ್ಗ ಮುಟ್ಟಿದಳು. ಕೊನೆಗೆ ಸೋತಳು, ಆದರೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಅಂಕಲ್ ಡ್ರೆಸಿಂಗ್ ರೂಮಿಗೆ ಹೋಗಿ ಅವಳ ಮೊಣಕೈ ಮಡಿಸಿ, ಬಿಡಿಸಿ ನೋಡಿ, "ಫೈನ್. ಐಸ್ ಇಟ್ಕೋ," ಎಂದರು. ಮಗಳು ಬಂದು ತಬ್ಬಿಕೊಂಡಳು.

"ಅಪ್ಪಾ, ನೀವು ಕೂತೇ ಇದ್ರಿ!"

ಕಾರಿನಲ್ಲಿ ಕೇಳಿದೆ: "ಅಷ್ಟು ದೂರದಿಂದ ಮಂಡಿ ಹೇಗೆ ಕಾಣಿಸ್ತು ಅಂಕಲ್?"

"ಎಲ್ಲಿ ಕಾಣುತ್ತೆ? ಎರಡು ಕಣ್ಣಿಗೂ ಕ್ಯಾಟರಾಕ್ಟ್ ರೀ. ಅವರಿಬ್ಬರಲ್ಲಿ ನಿಮ್ಮ ಮಗಳು ಯಾರು ಅಂತಾನೇ ಗೊತ್ತಾಗ್ತಿರ್ಲಿಲ್ಲ!"

ನಗು ತಡೆಯಲಾಗದೆ ಕಾರನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಬೇಕಾಯಿತು.

ಕಳೆದ ಚಳಿಗಾಲದಲ್ಲಿ ಅಂಕಲ್ ನಿದ್ದೆಯಲ್ಲೇ ಹೋದರು. ಮಗಳು ಈಗ ಜಪಾನಿನಲ್ಲಿದ್ದಾಳೆ, ಅದೇ ಹುಡುಗಿಯ ಜೊತೆ ಒಂದೇ ರೂಮಿನಲ್ಲಿ. ಪಂದ್ಯ ಮುಗಿದ ಕೂಡಲೇ ಫೋನ್ ಮಾಡಿ, "ಐ ಆಮ್ ಓಕೆ ಅಪ್ಪಾ," ಅನ್ನುತ್ತಾಳೆ. ಆ ಫೋನ್ ಬರುವವರೆಗೆ ನಾನು ಕುರ್ಚಿ ಬಿಟ್ಟು ಏಳುವುದಿಲ್ಲ.