ಕೆಂಪು ಬಾಯಿಯ ಸಾಕ್ಷಿ

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿದೆ, ರಾಗಿ ಹಿಟ್ಟು ಜರಡಿ ಹಿಡಿದೆ, ಹುರುಳಿ ನೆನೆಹಾಕಿದೆ, ಬೆಟ್ಟದ ನೆರಳು ಜಗಲಿಗೆ ಬಂದ ಮೇಲೆ ಬಿತ್ತನೆಗೆ ಕಡಲೆಕಾಯಿ ಸುಲಿಯಲು ಕೂತೆ. ಇಷ್ಟೆಲ್ಲ ಸಲೀಸಾಗಿ ಮಾಡಿದವಳಿಗೆ ಒಂದು ಇಂಗ್ಲಿಷ್ ಪದ ಮಾತ್ರ ಇನ್ನೂ ಬಗೆಹರಿದಿಲ್ಲ.

ಬಿತ್ತನೆ ಬೀಜ ಸುಲಿಯುವವರು ಎಲೆಅಡಿಕೆ ಹಾಕಿಕೊಂಡೇ ಕೂರಬೇಕೆಂಬುದು ನಮ್ಮ ಅತ್ತೆಯ ಕಾಲದ ಕಟ್ಟಳೆ. ಬಾಯಿ ತುಂಬಿದ್ದರೆ ಬೀಜ ಅತ್ತ ಹೋಗುವುದಿಲ್ಲವಲ್ಲ! ನಾನು, ಮಧುಗಿರಿಯ ಕಾಲೇಜಿಗೆ ಹೋಗುವ ಮಗಳು ದಿವ್ಯಾ, ಪಕ್ಕದ ಮನೆಯ ಕಮಲಕ್ಕ ಮೂವರೂ ಬಾಯಿ ಕೆಂಪಗೆ ಮಾಡಿಕೊಂಡಿದ್ದೆವು. ನಲ್ಲಿ ನೀರು ಬಂತೆಂದು ಮೂವರೂ ಕೊಡ ಹಿಡಿದು ಓಡಿ, ತಿರುಗಿ ಬಂದರೆ ಮೊರದಲ್ಲಿ ಬೀಜದ ಗುಡ್ಡೆ ಕುಗ್ಗಿತ್ತು. ಪಕ್ಕದಲ್ಲೇ ಕಮಲಕ್ಕನ ಗಬ್ಬದ ಮೇಕೆ ಹಗ್ಗ ಕಿತ್ತುಕೊಂಡು ನಿಂತು ಬಾಯಾಡಿಸುತ್ತಿತ್ತು.

"ಹೋದ್ವಾರ ನಿಮ್ ಅವರೆ ಗಿಡ, ಇವತ್ತು ಬಿತ್ನೆ ಬೀಜ! ನಾಳೆ ಸಂತೆಗೆ ಹೊಡ್ಕೊಂಡೋಗಿ ಮಾರ್ಬುಡ್ತೀನಿ ಕಣಮ್ಮ," ಎಂದಳು ಕಮಲಕ್ಕ. ಅವಳ ಕಣ್ಣಲ್ಲಿ ನೀರಿತ್ತು.

"ಅದು ಪಾಪ, ಇನ್ನೋಸೆಂಟ್ ಕಣಮ್ಮ!" ಎಂದಳು ದಿವ್ಯಾ.

ಅಲ್ಲಿಂದ ಶುರುವಾಯಿತು ನನ್ನ ಗೊಂದಲ. ತಿಂದಿಲ್ಲ ಅಂತಲೋ, ತಿಂದರೂ ತಪ್ಪೆಂದು ತಿಳಿಯದು ಅಂತಲೋ? ಕೋರ್ಟಿನಿಂದ ಬಿಡುಗಡೆಯಾದವನೂ ಇನ್ನೋಸೆಂಟ್, ತೊಟ್ಟಿಲ ಕೂಸೂ ಇನ್ನೋಸೆಂಟ್. ಮದುವೆ ಮಾತಿನಲ್ಲಿ ಹುಡುಗ ಇನ್ನೋಸೆಂಟ್ ಎಂದರೆ ಯಾಕೋ ಅನುಮಾನ. ಕನ್ನಡವೇನು ಕಡಿಮೆಯೇ? ಯಾವ ಪಾಪಕ್ಕೂ ಹೋಗದವರನ್ನೇ 'ಪಾಪದವರು' ಅನ್ನುತ್ತೇವೆ! ನಾನು ಪದ ತೂಗುತ್ತಾ ಕೂತರೆ ಮೇಕೆ ಸಂತೆ ಸೇರುತ್ತದೆ ಎಂಬ ಕಳವಳ ಬೇರೆ.

ರಾತ್ರಿ ಊಟಕ್ಕೆ ಕರೆದರೆ, ದಿನವೆಲ್ಲ ಮನೆಯಲ್ಲೇ ಇದ್ದ ಯಜಮಾನರು ತಟ್ಟೆ ಸರಿಸಿದರು. "ಯಾಕೋ ಹೊಟ್ಟೆ ತುಂಬ್ದಂಗೈತೆ. ಪಿತ್ತ ಇರ್ಬೇಕು." ಹಸಿ ಕಡಲೆಬೀಜ ಜಾಸ್ತಿಯಾದರೆ ಪಿತ್ತವೆಂದು ನಮ್ಮ ಮಿಡಿಗೇಶಿಯ ಮಕ್ಕಳಿಗೂ ಗೊತ್ತು. ಅವರ ಬಾಯಿ ನೋಡಿದೆ. ಮನೆಯಲ್ಲಿ ಕೆಂಪಗಾಗದ ಬಾಯಿ ಅದೊಂದೇ.

"ಸುಲಿಯಾಕ್ ಕೂತೋರ್ಗೆ ತಾನೆ ಎಲೆಅಡಿಕೆ? ನಾನೆಲ್ಲಿ ಸುಲಿದೆ?" ಎಂದರು.

ದಿವ್ಯಾ ಸುದ್ದಿ ಹೇಳಲು ಪಕ್ಕದ ಮನೆಗೆ ಓಡಿದಳು. ಗೋಡೆಯಾಚೆಯಿಂದ ಕಮಲಕ್ಕನ ಕೂಗು: "ನಿಮ್ ಯಜಮಾನ್ರಿಗೂ ಒಂದ್ ಗೂಟ ಹೊಡ್ಸೇ ತಾಯಿ! ನನ್ ಮೇಕೆ ಎಲ್ಲೂ ಹೋಗಾಕಿಲ್ಲ!"

ನಾನೂ ದಿವ್ಯಾಳೂ ಮುದ್ದೆ, ಹುರುಳಿ ಸಾರು ಉಂಡೆವು. ಅವರು ಜೀರಿಗೆ ಮಜ್ಜಿಗೆ ಕುಡಿದು ಎಲ್ಲರಿಗಿಂತ ಮೊದಲು ನಿದ್ದೆ ಹೋದರು. ಆ ಮಲಗಿದ ಮುಖ ನೋಡಿದರೆ ಥೇಟ್ ತೊಟ್ಟಿಲ ಕೂಸು. ಪದದ ಅರ್ಥ ಇನ್ನೇನು ತಲೆಗೆ ಹತ್ತಿತು ಅಂದುಕೊಂಡಿದ್ದೆ, ಮತ್ತೆ ಗೊಂದಲವಾಯಿತು.