ನನ್ನ ನಂಬರಿನ ಹಿಂದೆಯೇ ಇದ್ದವಳು

ಮಹಾರಾಷ್ಟ್ರದ ಗಡಿಯೊಳಗಿನ ಕನ್ನಡದ ಊರು ಸನಮಡಿಯಲ್ಲಿ ಅಪ್ಪನ ಹಿಟ್ಟಿನ ಗಿರಣಿ ಇತ್ತು. ಹೆಂಗಸರು ಜೋಳದ ಡಬ್ಬಿಗಳನ್ನು ಸಾಲಾಗಿ ಇಟ್ಟು ಮನೆಗೆ ಹೋಗುತ್ತಿದ್ದರು. ಡಬ್ಬಿ ಎತ್ತಿದರೆ ಪಾಳಿ ಹೋಯಿತು. ನನಗೆ ಗೊತ್ತಿದ್ದ ಕಾನೂನು ಅದೊಂದೇ.

ಶಿಕ್ಷಕಿಯರ ತರಬೇತಿಗೆ ಅರ್ಜಿಯನ್ನು ಕಂಪ್ಯೂಟರಿನಲ್ಲೇ ತುಂಬಬೇಕೆಂದು ಮೊದಲ ಸಲ ಹೇಳಿದ ವರ್ಷ, ಕೊನೆಯ ದಿನ, ನಾನೂ ನನ್ನ ಗೆಳತಿಯೂ ಜತ್ತದ ನೆಟ್ ಕೆಫೆಗೆ ಹೋದೆವು. ಒಂದೇ ಬೆಂಚಿನಲ್ಲಿ ಕೂತು ಓದಿದವರು. ಕನ್ನಡ ಮಾಧ್ಯಮಕ್ಕೆ ಇದ್ದದ್ದು ಒಂದೇ ಕಾಲೇಜು, ಬೆರಳೆಣಿಕೆಯ ಜಾಗ. ಅಂಕ ನನಗೇ ಹೆಚ್ಚು. "ಜಾಗಾ ಸಿಕ್ಕರ ಕಲಿ, ಸಿಗಲಿಲ್ಲಂದ್ರ ಮದವಿ," ಎಂದಿದ್ದ ಅಪ್ಪ.

ಪಾಸ್‌ವರ್ಡ್ ಹಾಕಿದೆ. ಪರದೆಯ ಮೇಲ್ತುದಿಯ ವಿಳಾಸದ ಕೊನೆಗೆ ಒಂದು ಉದ್ದ ನಂಬರ್ ಬಂತು, ಕೊನೆಯಲ್ಲಿ ನಲವತ್ತೊಂದು. ಪಕ್ಕದ ಯಂತ್ರದಲ್ಲಿ ಗೆಳತಿಯದೂ ಅದೇ ನಂಬರ್, ಕೊನೆಯಲ್ಲಿ ಮಾತ್ರ ನಲವತ್ತೆರಡು. ನನಗೆ ನಗು ಬಂತು.

"ನೋಡಿಲ್ಲೆ, ಇದೂ ನಮ್ಮಪ್ಪನ ಗಿರಣಿನ. ನನ್ನ ಹಿಂದ ನಿನ್ನ ಡಬ್ಬಿ," ಎಂದು ನನ್ನ ನಂಬರಿನ ಕೊನೆಯ ಒಂದನ್ನು ಅಳಿಸಿ ಎರಡು ಒತ್ತಿದೆ. ಪಾಸ್‌ವರ್ಡ್ ಕೇಳಲೇ ಇಲ್ಲ. ಅವಳ ಅರ್ಜಿ ನನ್ನ ಪರದೆಯ ಮೇಲೆ ತೆರೆದುಕೊಂಡಿತು.

"ಅಯ್ಯ, ಮುಚ್ಚ ಲಗೂನ," ಎಂದಳು. ಮುಚ್ಚಿದೆ.

ನನ್ನದು ಮುಗಿದಾಗ ಕೆಫೆಯವರು "ಲಾಗೌಟ್ ಮಾಡ್ರಿ" ಎಂದರು. ಗಿರಣಿಯಲ್ಲಿ ಬೆಳೆದ ಜಾಣೆ ನಾನು. "ಹೊರಗ ಬಂದ್ರ ಅರ್ಜಿನೂ ಹೊರಗ ಬೀಳತೈತ್ರಿ," ಎಂದು ಪರದೆಯನ್ನಷ್ಟೇ ಆರಿಸಿದೆ. ನನ್ನ ನಂಬರ್ ಜೀವಂತವಾಗಿಯೇ ಉಳಿಯಿತು. ಕಾಲೇಜಿನ ಆಯ್ಕೆ ತಿದ್ದಲು ಸಂಜೆಯವರೆಗೆ ಅವಕಾಶವಿತ್ತು. ಗೆಳತಿ ಇನ್ನೂ ತುಂಬುತ್ತಿದ್ದಳು. "ನೀ ನಡಿ, ಬಸ್ ತಪ್ಪತೈತಿ," ಎಂದಳು.

ಜಾಗ ಸಿಕ್ಕವರ ಯಾದಿ ಬಂದಾಗ ನನ್ನ ಹೆಸರು ಕೊಂಕಣದ ಯಾವುದೋ ಮರಾಠಿ ಕಾಲೇಜಿನಲ್ಲಿತ್ತು. ನನ್ನ ಅರ್ಜಿಯಲ್ಲಿ ಕನ್ನಡ ಕಾಲೇಜು ಉಳಿದೇ ಇರಲಿಲ್ಲ. ಅಲ್ಲಿನ ಕೊನೆಯ ಜಾಗ ಗೆಳತಿಗೆ ಸಿಕ್ಕಿತ್ತು.

ಕಚೇರಿಗೆ ಹೋಗಿ ನಲವತ್ತೆರಡರ ಎರಡನ್ನು ಅಳಿಸಿ ಒಂದು ಒತ್ತಿದರೆ ನನ್ನ ಅರ್ಜಿ ತೆರೆಯುತ್ತದೆ ಎಂದು ಸಾಹೇಬರಿಗೆ ಬಿಡಿಸಿ ಹೇಳಿದೆ. ಪಾಸ್‌ವರ್ಡ್ ನಿನ್ನದೇ, ಬದಲಿಸಿದವಳೂ ನೀನೇ ಎಂದು ಮರಾಠಿಯಲ್ಲಿ ಗದರಿದರು. ನಂಬರನ್ನು ಸಾಲಾಗಿ ಹಂಚದೆ, ಯಾರ ಊಹೆಗೂ ಸಿಗದಂತೆ ಕೊಟ್ಟಿದ್ದರೆ ಮುಗಿಯುತ್ತಿತ್ತು. ಆ ವೆಬ್‌ಸೈಟ್ ಕಟ್ಟಿದವನು ಸೋಮಾರಿ, ಸುಳ್ಳಿ ಮಾತ್ರ ನಾನು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಗೆಳತಿಯನ್ನೂ ಕೇಳಿದೆ. "ನನಗ ಹ್ಯಾಂಗ ಗೊತ್ತಿರತೈತಿ? ಆ ಆಟ ಬರ್ತಿದ್ದದ್ದು ನಿನಗ," ಎಂದಳು, ನೆಲ ನೋಡುತ್ತ. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದೆ.

ಅದೇ ವರ್ಷ ಊರಲ್ಲೇ ನನ್ನ ಮದುವೆಯಾಯಿತು. ಗೆಳತಿ ನಮ್ಮೂರ ಕನ್ನಡ ಶಾಲೆಗೇ ಅಕ್ಕೋರಾಗಿ ಬಂದಳು. ನನ್ನ ಮಗಳು ಕಲಿತದ್ದೂ ಅವಳ ಕೈಯಲ್ಲೇ. ಒಂದನೆಯ ಇಯತ್ತೆಯಲ್ಲಿದ್ದಾಗ ಒಂದು ದಿನ ಪಾಟಿ ಹಿಡಿದು ಬಂದು, "ಹಿಂದಿನ ಸಂಖ್ಯಾ ಬರಿ ಅಂದಾರವ್ವ ಅಕ್ಕೋರು. ಹ್ಯಾಂಗ ಮಾಡೂದು?" ಎಂದಳು.

"ಅಕ್ಕೋರನ್ನ ಕೇಳು," ಎಂದೆ. "ಅವರಿಗೆ ಅದು ಚಲೋ ಬರತೈತಿ."